ಫಾರ್ಗೋ ಪುಸ್ತಕದ ಖಾಲಿ ಪುಟ

ಬಿಡುದಿನ, ಇಸವಿ ೨೧೮೮
ಹಳೆಯ ಹೆದ್ದಾರಿಯ ಹದಿನೇಳನೆಯ ತಂಗುಮನೆ, ಬಂಕಾಪುರದ ಹತ್ತಿರ

ಸವಣೂರಿನ ಫಕ್ಕೀರಪ್ಪ ಯಲಿಗಾರ ಅವರಿಗೆ ಬರಮಪ್ಪ ಗಾಡೇರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಹಾಳೆಯನ್ನು ನಿಮ್ಮ ವೀಳ್ಯದೆಲೆ ಕಟ್ಟುವುದಕ್ಕೆ ಬಳಸಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ. ಹೀಗೆ ಹಂಚಿದ ಮೇಲೆ ಒಂದು ದಿನ ಯಾವ ತಿಂಗಳಿಗೂ ಸೇರದೆ ಉಳಿಯುತ್ತದೆ. ಅದೇ ಬಿಡುದಿನ. ಆ ದಿನ ಮಾತ್ರ ಹಿಂದಂಚೆ ತೆರೆಯುತ್ತದೆ. ಅರವತ್ತು ದಾಟಿದವರು ಜೀವಮಾನದಲ್ಲಿ ಒಂದು ಸಲ, ಕಳೆದುಹೋದ ಕಾಲದ ಒಬ್ಬರಿಗೆ ಒಂದು ಹಾಳೆ ಬರೆಯಬಹುದು. ಅಲ್ಲಿಂದ ಉತ್ತರ ತರುವ ಅಂಚೆ ಇಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ಏಳನೆಯದನ್ನು ಎರಡು ಸಲ ಓದಿದ್ದರಿಂದ ಎಂಟು ಎಂದರೂ ನಡೆದೀತು.

ಈ ಹಾಳೆ ಮುಟ್ಟುವ ೨೦೧೯ರಲ್ಲಿ ನಿಮಗೆ ನಲವತ್ತೆರಡು, ಬರೆಯುತ್ತಿರುವ ನನಗೆ ಅರವತ್ತೊಂಬತ್ತು. ಇಸವಿ ನೋಡಿದರೆ ನೀವು ನನಗೆ ಮುತ್ತಜ್ಜನಿಗಿಂತ ಹಿರಿಯರು, ವಯಸ್ಸು ನೋಡಿದರೆ ನಾನು ನಿಮಗೆ ಕಾಕಾ. ಆದ್ದರಿಂದ ಗೌರವ ಕೊಟ್ಟೇ ಬರೆಯುತ್ತೇನೆ, ಬೈಯಬೇಕಾದಲ್ಲಿ ಮಾತ್ರ ಕಾಕಾ ಆಗುತ್ತೇನೆ.

ವಿಷಯ ನಿಮ್ಮ ಲಾರಿಯದು. ಹೌದು, ಅದೇ ಫಾರ್ಗೋ. ಅದು ಈಗ ನನ್ನ ಬಳಿ ಇದೆ.

ಹೆಮ್ಮೆಯಿಂದ ಹೇಳುತ್ತೇನೆ, ಇಂದು ಈ ಸೀಮೆಯಲ್ಲಿ ಫಾರ್ಗೋ ಬಗ್ಗೆ ನನ್ನಷ್ಟು ತಿಳಿದವನಿಲ್ಲ. ಅದರ ಬಗ್ಗೆ ತಿಳಿಯಬೇಕೆಂದವನೇ ಇನ್ನೊಬ್ಬನಿಲ್ಲ ಎನ್ನುವುದು ಬೇರೆ ಮಾತು. ಅಮೆರಿಕದ ದೊಡ್ಡ ಮೋಟಾರು ಕಂಪನಿಯೊಂದು ಒಂದೇ ಲಾರಿಗೆ ಡಾಜ್, ಡಿಸೋಟೋ, ಫಾರ್ಗೋ ಎಂದು ಬೇರೆ ಬೇರೆ ಹೆಸರಿನ ಬಿಲ್ಲೆ ಹೊಡೆದು ಮಾರುತ್ತಿತ್ತು. ಫಾರ್ಗೋ ಎಂಬ ಹೆಸರನ್ನು ಅವರು ತಮ್ಮ ದೇಶದಲ್ಲಿ ಬೇಗನೆ ಕೈಬಿಟ್ಟರು, ಹೊರಗಿನವರಾದ ನಮ್ಮಂಥವರಿಗೆ ಮಾತ್ರ ಉಳಿಸಿದರು. ಹುಟ್ಟಿದ ಮನೆಯಲ್ಲಿ ಕರೆಯುವವರಿಲ್ಲದ ಹೆಸರು ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿ ಜೋಡಣೆಯಾಗಿ, ನಮ್ಮ ಬ್ಯಾಡಗಿಯ ಸಂತೆಯಲ್ಲಿ ಮನೆಮಾತಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಆ ಗಾಡಿಯ ಮೇಲೆ ಅಕ್ಕರೆ ಉಕ್ಕುತ್ತದೆ.

ಈಗ ನಮ್ಮಲ್ಲಿ ಲಾರಿಗಳಿಲ್ಲ. ಸರಕೆಲ್ಲ ನೆಲದಡಿಯ ಸಾಗುಕೊಳವೆಯಲ್ಲಿ ತಾನೇ ಓಡುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳವೆಗೆ ಬಿದ್ದರೆ, ಸುರಿದವನು ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅದು ಮುಂಬಯಿ ಸೇರಿರುತ್ತದೆ. ಜನರೂ ಹಾಗೆಯೇ ಓಡಾಡುತ್ತಾರೆ. ಹಳೆಯ ಹೆದ್ದಾರಿಯನ್ನು ಬಂಕಾಪುರದ ಕೋಟೆಯ ನವಿಲುಗಳಿಗೆ ಬಿಟ್ಟುಕೊಟ್ಟಾಗಿದೆ. ಯಾರಾದರೂ ಕಾಲ್ನಡಿಗೆಯಲ್ಲಿ ಬಂದರೆ ಇರಲಿ ಎಂದು ಅಲ್ಲಲ್ಲಿ ತಂಗುಮನೆ ಕಟ್ಟಿ, ಪ್ರತಿಯೊಂದಕ್ಕೂ ಒಬ್ಬ ಕಾವಲುಗಾರನನ್ನು ಇಟ್ಟಿದ್ದಾರೆ. ನಾನು ಹದಿನೇಳನೆಯವನು. ದಿನವೂ ಎರಡು ಹಾಸಿಗೆ ಹಾಸುತ್ತೇನೆ, ಮರುದಿನ ಮಡಚುತ್ತೇನೆ. ಕೊನೆಯ ಅತಿಥಿ ಬಂದದ್ದು ನಾಲ್ಕು ವರ್ಷದ ಹಿಂದೆ, ಅವನೂ ದಾರಿ ತಪ್ಪಿ ಬಂದವನು. ನನ್ನ ಅಡುಗೆಯನ್ನು ಬಾಯಿ ತುಂಬ ಹೊಗಳಿ ಉಪ್ಪಿನಕಾಯಿ ಮಾತ್ರ ತಿಂದು ಹೋದ.

ಇಲ್ಲಿ ನನಗೆ ಜೊತೆಯೆಂದರೆ ಆ ಫಾರ್ಗೋ. ಮುಂಜಾನೆ ಎದ್ದು ಅದರ ಗಾಜು ಒರೆಸುತ್ತೇನೆ, ಚಹಾ ಕುಡಿಯುತ್ತ ಡ್ರೈವರ್ ಸೀಟಿನಲ್ಲಿ ಕೂರುತ್ತೇನೆ. ಬಾಗಿಲು ತೆರೆದರೆ ಇವತ್ತಿಗೂ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ. ನೂರಾರು ವರ್ಷದ ಹಿಂದಿನ ಹೇರು ನನ್ನನ್ನು ಸೀನಿಸುತ್ತದೆ. ಸೀನಿದಾಗ 'ಚಿರಂಜೀವಿ' ಎನ್ನುವವರು ಯಾರೂ ಇಲ್ಲದ್ದರಿಂದ ನಾನೇ ಅಂದುಕೊಳ್ಳುತ್ತೇನೆ.

ಲಾರಿಯ ಪುಸ್ತಕದ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ. ಸೀಟಿನ ಹಿಂದಿನ ತಗಡಿನ ಪೆಟ್ಟಿಗೆಯಲ್ಲಿ ಅದು ಹಾಗೆಯೇ ಇದೆ. ಗಾಡಿ ಕೈ ಬದಲಾದಾಗಲೆಲ್ಲ ಹೊಸ ಒಡೆಯ ತನ್ನ ಹೆಸರು ಬರೆದು, ತನ್ನ ಅನುಭವ ಬರೆಯಬೇಕು. ಆದರೆ ಗಾಡಿಯ ಕಿವಿಗೆ ಬೀಳುವಂತೆ ಅದರ ಕೆಟ್ಟದ್ದನ್ನು ಆಡಬಾರದು, ಗಾಡಿಯಲ್ಲೇ ಇರುವ ಪುಸ್ತಕದಲ್ಲಿ ಬರೆಯಲಂತೂ ಬಾರದು. ಈ ಕಟ್ಟಳೆಯಿಂದಾಗಿ ಇಡೀ ಪುಸ್ತಕದಲ್ಲಿ ಬರೀ ಜಂಬ. ಮೊದಲ ಒಡೆಯರು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನವೀರಪ್ಪನವರು, ೧೯೫೮ರಲ್ಲಿ ಬರೆದದ್ದು: "ಅರಬೈಲ ಘಾಟ ತುಂಬಿದ ಹೇರಿನ ಮ್ಯಾಲೆ ಒಂದೇ ಗೇರಿನಾಗ ಹತ್ತೇತಿ. ನೋಡಿದವರು ಕೈಮುಗದಾರ." ಎರಡನೆಯ ಒಡೆಯ ಖಾದರಸಾಬರು ಇನ್ನೂ ಒಂದು ಹೆಜ್ಜೆ ಮುಂದೆ: "ಹದಿನೇಳ ವರ್ಷದಾಗ ಒಂದ ಸಲಾನೂ ನಿಂತಿಲ್ಲ." ಆ ಪುಟಕ್ಕೆ ಅಂಟಿಸಿದ ಫೋಟೋದಲ್ಲಿ ಎರೆಮಣ್ಣಿನಲ್ಲಿ ಹೂತ ಲಾರಿಯ ಮುಂದೆ ಮೂರು ಜೋಡಿ ಎತ್ತು ಹೂಡಿದ್ದಾರೆ. ಕೆಳಗೆ ಅವರದೇ ಅಕ್ಷರ: "ಎತ್ತುಗಳಿಗೆ ಗಾಡಿ ತೋರಿಸುತ್ತಿರುವುದು." ಈ ಮನುಷ್ಯ ನನ್ನ ಕಾಲದಲ್ಲಿ ಇದ್ದಿದ್ದರೆ ನನಗೆ ಬೇರೆ ಯಾರೂ ಬೇಕಾಗಿರಲಿಲ್ಲ.

ಕಂಪನಿಯ ಎಂಜಿನ್ ತೆಗೆದು, ಎಲ್ಲಿಂದಲೋ ತಂದ ಹಳೆಯ ಡೀಸೆಲ್ ಎಂಜಿನ್ ಕೂರಿಸಿದವರೂ ಈ ಖಾದರಸಾಬರೇ. ಗಾಡಿಗೆ ರೋಗ ಹತ್ತಿದ್ದು ಅಲ್ಲಿಂದ, ಅದರಲ್ಲಿ ಅಮೆರಿಕದವರ ತಪ್ಪು ಎಳ್ಳಷ್ಟೂ ಇಲ್ಲ. ಆ ಎಂಜಿನ್ ಎಲ್ಲರ ಕೈಗೂ ಚಾಲೂ ಆಗುವುದಿಲ್ಲ. ಮೂರನೆಯ ಒಡತಿ, ನಿಮಗೆ ಗಾಡಿ ಕೊಟ್ಟ ತಂಗೆವ್ವನವರು, ಮೂವತ್ತೊಂದು ವರ್ಷ ಓಡಿಸಿ ಬರೆದದ್ದು ಮೂರೇ ಪದ: "ನನ್ನ ಮಾತ ಕೇಳತೈತಿ." ಏನು ಮಾತು, ಹೇಗೆ ಕೇಳುತ್ತದೆ, ಒಂದೂ ಇಲ್ಲ. ಅವರು ಗುಟ್ಟನ್ನು ನಿಮ್ಮ ಕಿವಿಯಲ್ಲಿ ಹೇಳಿರಬೇಕು. ಏಕೆಂದರೆ ನಿಮ್ಮ ನಂತರ ಗಾಡಿ ಕೊಂಡ ಗುಡ್ಡಪ್ಪನವರ ಪುಟದಲ್ಲಿ ಹೀಗಿದೆ: "ಫಕ್ಕೀರಪ್ಪನ ಕೈಯಾಗ ಚಳಿಗಾಲದ ಮುಂಜಾನೆ ಸೈತ ಒಂದ ಏಟಿಗೆ ಹೊಂಡತಿತ್ತು."

ಗುಡ್ಡಪ್ಪ ನನ್ನ ಅಜ್ಜಿಯ ಅಜ್ಜ. ಇಲ್ಲಿ ನಮ್ಮ ಮನೆತನದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇದು ಪುಸ್ತಕದಲ್ಲಿಲ್ಲ, ಅಜ್ಜಿ ಹೇಳಿದ್ದು. ಮುಂದೆ ೨೦೪೧ರಲ್ಲಿ ನೀವು ಕೀಲಿ ಕೈಗೆ ಕೊಟ್ಟು, ಅವನನ್ನು ಗಾಡಿಯಿಂದ ದೂರ, ಬೇವಿನ ಮರದ ಕೆಳಗೆ ಕರೆದು, "ತಮ್ಮಾ, ಇದನ್ನ ಚಾಲೂ ಮಾಡೂದು ಒಂದೀಟ ಬ್ಯಾರೆ ಐತಿ, ಕೇಳು" ಎನ್ನುತ್ತೀರಂತೆ. ಅವನು ಮೀಸೆ ತಿರುವಿ, "ಹುಟ್ಟಿದಾಗಿಂದ ಗಾಡಿ ನೋಡೇನಿ. ನನಗೇನ ಹೇಳಿಕೊಡತೀರಿ ಬಿಡ್ರಿ ಮಾವಾರ" ಎಂದು ಹತ್ತಿ ಕೂರುತ್ತಾನಂತೆ. ಮುಂದಿನ ಹನ್ನೊಂದು ವರ್ಷ ಅವನು ಆ ಲಾರಿಯನ್ನು ಇಳಿಜಾರು ಬಿಟ್ಟು ಬೇರೆ ಕಡೆ ನಿಲ್ಲಿಸಲಿಲ್ಲ. ಇಳಿಜಾರಿಲ್ಲದ ಕಡೆ ಹತ್ತು ಜನ ದಬ್ಬುತ್ತಿದ್ದರು. ಆಗ ದಬ್ಬುವುದಕ್ಕೆ ಜನ ಸಿಗುತ್ತಿದ್ದರು. ೨೦೫೨ರಲ್ಲಿ ಡೀಸೆಲ್ ನಿಂತಿತು, ಗಾಡಿಯೂ ನಿಂತಿತು. ಅಂದಿನಿಂದ ಅದು ನಮ್ಮ ಮನೆತನದಲ್ಲೇ ಉಳಿದು ನನ್ನ ಕೈಗೆ ಬಂತು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಸಂಜೆ ಹೊತ್ತು ನಲವತ್ತು ತಂಗುಮನೆಯವರು ದೂರಮಾತಿನಲ್ಲಿ ಹರಟುತ್ತೇವೆ. ಅದು ಮುಖ ಕಾಣದ, ದನಿಯಷ್ಟೇ ಕೇಳುವ ತಂತಿ. ಒಬ್ಬ ಮೊಮ್ಮಗಳ ಮಾತು ತೆಗೆಯುತ್ತಾನೆ, ಇನ್ನೊಬ್ಬ ಹೆಂಡತಿಯ ಕೈಯ ಹೋಳಿಗೆಯ ಮಾತು. ನನಗೆ ಇಬ್ಬರೂ ಇಲ್ಲ. ಹಾಗಾಗಿ ಒಂದು ದಿನ ನಾನು ಅಂದುಬಿಟ್ಟೆ: "ಇವತ್ತ ಮುಂಜಾನೆ ಫಾರ್ಗೋ ತಗೊಂಡು ತಡಸ ಕ್ರಾಸಿನ ತನಕಾ ಹೋಗಿ ಬಂದೆ." ತಂತಿಯಲ್ಲಿ ನಲವತ್ತು ಜನ ಒಟ್ಟಿಗೆ ಸುಮ್ಮನಾದರು. ಅಂಥ ಮೌನ ನನಗಾಗಿ ಯಾರೂ ಮಾಡಿರಲಿಲ್ಲ. ಮರುದಿನದಿಂದ ಹಾವೇರಿಗೆ ಹೋದೆ, ಹುಬ್ಬಳ್ಳಿಗೆ ಹೋದೆ, ಅರಬೈಲ ಘಾಟವನ್ನೂ ಹತ್ತಿದೆ, ಅದೂ ಒಂದೇ ಗೇರಿನಲ್ಲಿ. ಯಾರಾದರೂ ಅನುಮಾನಪಟ್ಟರೆ ಎಂಜಿನ್ನಿನ ಸದ್ದು ಕೇಳಿಸುತ್ತಿದ್ದೆ. ಬಾಯಿಂದ. ಆ ಸದ್ದನ್ನು ನನ್ನ ಅಜ್ಜಿ ಕಲಿಸಿದ್ದಳು, ಅವಳಿಗೆ ಅವಳಪ್ಪ ಕಲಿಸಿದ್ದ. ಅವನು ಹುಡುಗನಾಗಿದ್ದಾಗ ಗುಡ್ಡಪ್ಪನ ಪಕ್ಕ ಕೂತು ಕಿವಿಯಾರೆ ಕೇಳಿದ್ದು ಅದು. ಮೂರು ಬಾಯಿ ದಾಟಿ ಉಳಿದ ಸದ್ದು. ಮೊದಲಿನದಕ್ಕೆ ಹೋಲುತ್ತದೋ ಇಲ್ಲವೋ ಹೇಳುವ ಕಿವಿ ಇಂದು ಭೂಮಿಯ ಮೇಲೆ ಒಂದೂ ಇಲ್ಲ.

ಸಾಗುಮಂಡಳಿಗೆ ಈ ಸುದ್ದಿ ಮುಟ್ಟಿತು. ಅಲ್ಲಿನ ನಿಯಮ ಸರಳ: ತನ್ನ ಬಲದಿಂದ ನೂರು ಹೆಜ್ಜೆ ಚಲಿಸಿದರೆ ಅದು ವಾಹನ, ಇಟ್ಟುಕೊಳ್ಳಬಹುದು. ಚಲಿಸದಿದ್ದರೆ ಅದು ಕಬ್ಬಿಣ, ಕರಗುಮನೆಗೆ ಹೋಗಬೇಕು. ದಬ್ಬುವಂತಿಲ್ಲ, ಎಳೆಯುವಂತಿಲ್ಲ. ಪರೀಕ್ಷೆ ನಾಳೆ ಮುಂಜಾನೆ. ಅದನ್ನು ನಡೆಸುವ ಅಧಿಕಾರಿ ನೀಲಾಂಬಿಕಾ ಇಂದೇ ಬಂದಿದ್ದಾಳೆ. ವರ್ಷಕ್ಕೊಮ್ಮೆ ಬಿಡುದಿನದಂದು ಹಿಂದಂಚೆಯ ಹಾಳೆ ಒಯ್ಯಲು ಬರುವವಳೂ ಅವಳೇ. ನಾನು ಬರೆಯುತ್ತಿರುವಾಗ ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಚಹಾ ಕುಡಿಯುತ್ತಿದ್ದಾಳೆ. ಬಂದವಳೇ ಕೇಳಿದಳು, "ಖರೇ ಹೇಳ್ರಿ ಕಾಕಾ, ಗಾಡಿ ಹೊಂಡತೈತೋ, ಬರೇ ನಿಮ್ಮ ಬಾಯಾಗ ಓಡತೈತೋ?"

"ಹೊಂಡತೈತಿ ಅಂದ್ರ? ಹೊಂಟ್ರ ಹಿಡಿಯಾಕ ನೀ ಹುಬ್ಬಳ್ಳಿತನಕಾ ಓಡಬೇಕಾಕ್ಕೇತಿ," ಎಂದೆ.

ಅವಳು ನಕ್ಕಳು. ಆಮೇಲೆ ಹಾಳೆಯ ಮೇಲೆ ನಿಮ್ಮ ಹೆಸರು ನೋಡಿ ನಗು ನಿಲ್ಲಿಸಿದಳು. "ಎಲ್ಲಾರೂ ಸತ್ತ ಅವ್ವಗ, ಅಪ್ಪಗ ಬರೀತಾರ. ನೀವು ಒಬ್ಬ ಲಾರಿ ಡ್ರೈವರಗ ಬರೀತೀರೇನ? ನಿಮಗ ಸತ್ತವರ ಯಾರೂ ಇಲ್ಲೇನ್ರಿ?"

"ಎಲ್ಲಾರೂ ಸತ್ತಾರ ತಂಗಿ. ಆದ್ರ ಅವರಿಗೆ ಯಾರಿಗೂ ಗಾಡಿ ಚಾಲೂ ಮಾಡಾಕ ಬರತಿರಲಿಲ್ಲ."

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಬಾಗಿಲು ಹಾಕಿಕೊಂಡು, ಗಾಡಿಗೆ ಕೇಳಿಸದಂತೆ. ಆ ಲಾರಿ ನನ್ನ ಕೈಗೆ ಒಮ್ಮೆಯೂ ಚಾಲೂ ಆಗಿಲ್ಲ. ಎರಡು ವರ್ಷ ಹೊಂಗೆಬೀಜ ಆರಿಸಿ, ಒಣಗಿಸಿ, ಕೈಗಾಣದಲ್ಲಿ ತಿರುವಿ ಒಂದು ಕೊಡ ಎಣ್ಣೆ ತೆಗೆದಿದ್ದೇನೆ. ಟ್ಯಾಂಕ್ ತೊಳೆದಿದ್ದೇನೆ, ಪೈಪಿನೊಳಗಿನ ಗಾಳಿ ಬಿಟ್ಟಿದ್ದೇನೆ. ಹ್ಯಾಂಡಲ್ ಹಾಕಿ ತಿರುವಿ ತಿರುವಿ ಹೆಗಲು ಹೋಯಿತು. ಪ್ರತಿ ಸಲ ಒಂದೇ ಒಂದು ಕೆಮ್ಮು ಕೆಮ್ಮಿ ಸುಮ್ಮನಾಗುತ್ತದೆ. ಆ ಒಂದು ಕೆಮ್ಮು ಕೇಳಿದಾಗಲೆಲ್ಲ, ಒಳಗೆ ಯಾರೋ ಇದ್ದಾರೆ, ಬಾಗಿಲು ತೆರೆಯುತ್ತಿಲ್ಲ ಅಷ್ಟೇ, ಎನಿಸುತ್ತದೆ. ಈ ತಂಗುಮನೆಯ ಸುತ್ತ ಎಲ್ಲಿಯೂ ಇಳಿಜಾರಿಲ್ಲ. ದಬ್ಬಲು ನಿಯಮ ಒಪ್ಪಿದರೂ ಹತ್ತು ಜನರನ್ನು ಎಲ್ಲಿಂದ ತರಲಿ? ನವಿಲು ದಬ್ಬುತ್ತವೆಯೇ?

ಗಾಡಿ ಹೋದರೆ ತಂಗುಮನೆಯನ್ನೂ ಮುಚ್ಚುತ್ತಾರಂತೆ. ನನ್ನನ್ನು ಶಿಗ್ಗಾವಿಯ ಕೂಡುಮನೆಗೆ ಒಯ್ಯುತ್ತಾರೆ. ಅಲ್ಲಿ ನನ್ನ ವಯಸ್ಸಿನವರು ಎಂಬತ್ತು ಜನ ಇದ್ದಾರೆ, ಬೇಸರವಾಗುವುದಿಲ್ಲ ಎಂದು ನೀಲಾಂಬಿಕಾ ಹೇಳಿದಳು. ಎಂಬತ್ತು ಜನರ ನಡುವೆ ಕೂತು, ಫಾರ್ಗೋ ಇಲ್ಲದೆ, ನಾನು ಯಾವ ಮಾತು ತೆಗೆಯಲಿ?

ಈಗ ಕಾಕಾ ಆಗಿ ಬೈಯುತ್ತೇನೆ. ಲೇ ಫಕ್ಕೀರಪ್ಪಾ, ಪುಸ್ತಕದಲ್ಲಿ ಎಲ್ಲರೂ ಪುಟಗಟ್ಟಲೆ ಸುಳ್ಳು ಬರೆದರು, ನೀನೊಬ್ಬ ಖರೇ ಬಲ್ಲವನು ಏನೂ ಬರೆಯಲಿಲ್ಲ. ನಿನ್ನ ಪುಟದ ಮೇಲ್ಗಡೆ ಹೆಸರಿದೆ, ೨೦೧೯ ಎಂದಿದೆ, ಬೆರಳಿನ ಒಂದು ಕೆಂಪು ಗುರುತಿದೆ, ಬಹುಶಃ ಎಲೆಯಡಿಕೆಯದು. ಕೆಳಗೆಲ್ಲ ಖಾಲಿ. ಗಾಡಿಯ ಮನಸ್ಸು ನೋಯಿಸಬಾರದೆಂದು ಬಿಟ್ಟೆ ಎಂದು ನನಗೆ ಗೊತ್ತು. ಒಳ್ಳೆಯವನಿದ್ದೀ. ಆದರೆ ಆ ಒಳ್ಳೆಯತನದ ಮುಂದೆ ನಾನು ದಿನವೂ ಹ್ಯಾಂಡಲ್ ತಿರುವುತ್ತಿದ್ದೇನೆ.

ಬೈದದ್ದಾಯಿತು, ಮತ್ತೆ ಗೌರವಕ್ಕೆ ಬಂದೆ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ಗುಟ್ಟನ್ನು ಆ ಪುಟದಲ್ಲಿ ಬರೆಯಿರಿ. ತೆಗಳಿಕೆಯಾಗಿ ಬೇಡ, ಹೊಗಳಿಕೆಯಾಗಿಯೇ ಬರೆಯಿರಿ. 'ನಮ್ಮ ರಾಣಿ ಹೀಗೆ ಮಾಡಿದರೆ ಮಾತ್ರ ಏಳುತ್ತಾಳೆ' ಎಂದರೆ ಗಾಡಿಗೂ ಸಿಟ್ಟು ಬಾರದು, ಕಟ್ಟಳೆಯೂ ಮುರಿಯದು. ಪೆನ್ಸಿಲ್ಲಿನಿಂದ ಬರೆಯಿರಿ, ಶಾಯಿ ಮಾಸುತ್ತದೆ. ನಿಮಗೆ ಉತ್ತರ ಕಳಿಸಲು ಅಂಚೆ ಇಲ್ಲ, ನಿಜ. ಆದರೆ ಆ ತಗಡಿನ ಪೆಟ್ಟಿಗೆ ನಿಮ್ಮಿಂದ ನನ್ನ ತನಕ ಬಂದೇ ಬರುತ್ತದೆ, ಬಂದಿದೆ.

ಗುಟ್ಟು ನಿಮಗೂ ಮರೆತಿದ್ದರೆ ಬೇರೆ ಏನಾದರೂ ಬರೆಯಿರಿ. ಆ ದಿನ ಯಾವ ಊರಿಗೆ ಎಲೆ ಹೇರಿದಿರಿ, ದಾರಿಯಲ್ಲಿ ಏನು ತಿಂದಿರಿ ಎಂದಾದರೂ ಬರೆಯಿರಿ. 'ಬರಮಪ್ಪಾ, ನಿನ್ನ ಓಲೆ ಮುಟ್ಟಿತು' ಎಂದಷ್ಟೇ ಬರೆದರೂ ಸಾಕು. ಆಗ ಗಾಡಿಯನ್ನು ಅವರು ಒಯ್ದರೆ ಒಯ್ಯಲಿ, ಪುಸ್ತಕವನ್ನು ಮಾತ್ರ ನಾನು ಕೊಡುವುದಿಲ್ಲ.

ಹೊರಗೆ ನೀಲಾಂಬಿಕಾ "ಆತೇನ್ರಿ ಕಾಕಾ?" ಎನ್ನುತ್ತಿದ್ದಾಳೆ. ಎರಡನೆಯ ಲೋಟ ಚಹಾವೂ ಮುಗಿದಿರಬೇಕು. ಇವತ್ತು ಬೆಳಗಿನಿಂದ ನಾನು ಪುಸ್ತಕ ತೆರೆದಿಲ್ಲ. ಈ ಓಲೆ ಹೋಗುವ ಮುಂಚೆ ನೋಡಿದರೆ ಪುಟ ಖಾಲಿಯೇ ಇರುತ್ತದೆ, ಆ ಖಾಲಿಯನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ನಾಳೆ ಮುಂಜಾನೆ, ಕರಗುಮನೆಯವರು ಬರುವ ಮುನ್ನ, ಗಾಜು ಒರೆಸಿ, ಸೀಟಿನಲ್ಲಿ ಕೂತು, ಸೀನಿ, ಆಮೇಲೆ ನಿಮ್ಮ ಪುಟ ತೆರೆಯುತ್ತೇನೆ. ಅಲ್ಲಿ ಬರೆದಂತೆಯೇ ಮಾಡುತ್ತೇನೆ, ಗುಡ್ಡಪ್ಪನಂತೆ ಮೀಸೆ ತಿರುವುವುದಿಲ್ಲ. ಗಾಡಿ ಹೊರಟರೆ ದೂರಮಾತಿನ ತಂತಿಯನ್ನು ಎಂಜಿನ್ನಿನ ಹತ್ತಿರ ಹಿಡಿಯುತ್ತೇನೆ, ನಲವತ್ತು ಜನ ಕೇಳಲಿ. ನಾನು ಮಾತ್ರ ಒಂದು ಮಾತೂ ಆಡುವುದಿಲ್ಲ. ಇಷ್ಟು ವರ್ಷ ನಾನು ಬಾಯಲ್ಲಿ ಮಾಡಿದ ಸದ್ದು ಸರಿಯಿತ್ತೋ ಇಲ್ಲವೋ, ಸುಮ್ಮನೆ ಕೂತು ಕೇಳಬೇಕಾಗಿದೆ.

ಹಾಳೆ ತುಂಬಿತು. ಪೆನ್ಸಿಲ್ ಹುಡುಕಿ.

ನಿಮ್ಮ ಗಾಡಿಯ ಈಗಿನ ಒಡೆಯ,
ಬರಮಪ್ಪ ಗಾಡೇರ