ಕೋಟೇಶ್ವರಮ್ಮನ ಒಂದು ಮಾತು, ನನ್ನ ಮಗನ ಬೆನ್ನು

ಮಾನ್ಯ ಅನುಮೋದನಾಧಿಕಾರಿಗಳೇ,

ಈಚೆಗಷ್ಟೇ ವರ್ಷ ತುಂಬಿದ ನನ್ನ ಮಗ ತೇಜನ ಬೆನ್ನುಮೂಳೆ ಎಡಕ್ಕೆ ಬಾಗಿದೆ. ಅದನ್ನು ನೆಟ್ಟಗೆ ಮಾಡಲು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಕವಚ ಹಾಕಬೇಕು, ಈಗಲೇ ಹಾಕಬೇಕು. ವಿಜಯವಾಡದ ನಿಮ್ಮ ವಿಮಾ ಕಚೇರಿ ಅದಕ್ಕೆ ಒಪ್ಪಿಗೆ ಕೊಡುತ್ತಿಲ್ಲ. ವಿಶಾಖಪಟ್ಟಣದ ಆಸ್ಪತ್ರೆಯ ಕೌಂಟರಿನವರು ಅವನ ಕಾಯಿಲೆಗೆ ತಪ್ಪು ಕೋಡ್ ಹಾಕಿದರು, ನೀವು ಆ ತಪ್ಪನ್ನು ವೇದವಾಕ್ಯ ಮಾಡಿಕೊಂಡಿರಿ. ನಾನು ಇಂಗ್ಲಿಷಿನಲ್ಲಿ ಬರೆದೆ, ನನ್ನ ಗಂಡ ತೆಲುಗಿನಲ್ಲಿ ಬರೆದರು. ಎರಡಕ್ಕೂ ಒಂದೇ ಸಾಲಿನ ಉತ್ತರ ಬಂತು. ಈಗ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಕನ್ನಡವೇ ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಿಮಗೆ ಗೊತ್ತಿರುವುದನ್ನು ಆ ನಾಲ್ಕು ಜನರಿಗಾಗಿ ಹೇಳಬೇಕು. ಆಸ್ಪತ್ರೆಯಲ್ಲಿ ಪ್ರತಿ ಕಾಯಿಲೆಗೂ ಒಂದು ಅಕ್ಷರ, ಮುಂದೆ ಕೆಲವು ಅಂಕಿ. ಬೆನ್ನುಮೂಳೆಯ ಮಣಿಗಳೇ ಗರ್ಭದಲ್ಲಿ ಅರೆಬರೆ ಬೆಳೆದು ಬೆನ್ನು ಬಾಗಿದ್ದರೆ ಅದು ಹುಟ್ಟುದೋಷ, ಅದಕ್ಕೆ ‘ಕ್ಯೂ’ ಕೋಡ್. ಮಣಿಗಳೆಲ್ಲ ಸರಿಯಿದ್ದು, ಹುಟ್ಟಿದ ಮೇಲೆ ಕಾರಣ ತಿಳಿಯದೆ ಕೂಸಿನ ಬೆನ್ನು ಬಾಗಿದರೆ ‘ಎಂ’ ಕೋಡ್. ತೇಜನದು ಎರಡನೆಯದು. ಎಕ್ಸ್‌ರೇ ಹಾಗೆ ಹೇಳುತ್ತದೆ, ಮಕ್ಕಳ ಮೂಳೆ ವೈದ್ಯರಾದ ರಾಮಮೋಹನ್ ಸಹಿ ಹಾಕಿ ಹಾಗೆ ಹೇಳುತ್ತಾರೆ. ಆದರೆ ನಿಮ್ಮ ಪಾಲಿಸಿಯಲ್ಲಿ ಹುಟ್ಟುದೋಷಕ್ಕೆ ವಿಮೆಯಿಲ್ಲ. ‘ಕ್ಯೂ’ ಕಂಡರೆ ಸಾಕು, ನಿಮ್ಮವರು ಮುಂದೆ ಓದುವುದಿಲ್ಲ.

ಈ ‘ಕ್ಯೂ’ ಎಲ್ಲಿಂದ ಬಂತು ಗೊತ್ತೇ? ನಾನು ದಾವಣಗೆರೆಯವಳು, ಗಾಜುವಾಕದ ತೆಲುಗು ಮನೆಯ ಸೊಸೆ, ಬ್ಯಾಂಕಿನಲ್ಲಿ ಗುಮಾಸ್ತೆ. ಗಂಡ ಸಾಯಿಕಿರಣ್ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಮಗುವಿಗೆ ಎಣ್ಣೆ ಹಚ್ಚಿ, ಕಾಲು ಚಾಚಿ ಕೂತು, ಕಾಲ ಮೇಲೆ ಬೋರಲು ಮಲಗಿಸಿಕೊಂಡು ನೀರೆರೆಯುತ್ತಿದ್ದವರು ನನ್ನ ಅತ್ತೆ ಕೋಟೇಶ್ವರಮ್ಮ. ಮೊದಮೊದಲು ಬೆನ್ನು ನೆಟ್ಟಗೇ ಇತ್ತು. ಐದನೆಯ ತಿಂಗಳಲ್ಲಿ ಒಂದು ದಿನ, ಬೆನ್ನಿನ ಮೇಲೆ ಹುಯ್ದ ನೀರು ನಡುವೆ ಇಳಿಯದೆ ಒಂದೇ ಮಗ್ಗುಲಿಗೆ ಹರಿಯಿತು. ಅತ್ತೆ ಗಾಬರಿಯಾಗಿ ನನ್ನನ್ನು ಕರೆದು ತೋರಿಸಿದರು. ಕೆಲವು ಮಕ್ಕಳಿಗೆ ತಾನಾಗಿ ಸರಿಹೋಗುತ್ತದೆ, ಕಾದು ನೋಡೋಣ ಎಂದರು ವೈದ್ಯರು. ಬಾಗು ಹೆಚ್ಚಿತು. ಆಸ್ಪತ್ರೆಗೆ ಸೇರಿಸಿ ಎಂದರು.

ಸೇರಿಸುವ ದಿನ ಗಂಡನ ಚಿಕ್ಕಮ್ಮ ದುರ್ಗಾಂಬನವರೂ ಬಂದಿದ್ದರು. ಕೌಂಟರಿನ ಮುಂದೆ, ಎಲ್ಲರಿಗೂ ಕೇಳುವಂತೆ ಶುರು ಹಚ್ಚಿಕೊಂಡರು: ತಾಯಿ ಬ್ಯಾಂಕಿಗೆ ಓಡಿದಳು, ಕೂಸು ದಿನವಿಡೀ ಸೀರೆಯ ಜೋಲಿಯಲ್ಲಿ ಬಿದ್ದಿತ್ತು, ಬೆನ್ನು ಬಾಗದೆ ಇನ್ನೇನಾದೀತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಕೌಂಟರಿನವರು, ಇದು ಯಾವಾಗಿನಿಂದ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು.

“ಪುಟ್ಟಿನಪ್ಪಟಿನುಂಚೀ ಉಂದಿ ಬಾಬೂ.”

ಹುಟ್ಟಿದಾಗಿನಿಂದ ಇದೆಯಪ್ಪಾ, ಅಂತ. ಶುದ್ಧ ಸುಳ್ಳು. ಸೊಸೆಯ ಮೇಲೆ ಮಾತು ಬರಬಾರದೆಂದು ಹೇಳಿದ ಸುಳ್ಳು. ದುರ್ಗಾಂಬನವರ ಬಾಯೇನೋ ಮುಚ್ಚಿತು. ಕೌಂಟರಿನವರು ಅಷ್ಟನ್ನೇ ನಂಬಿ ‘ಕ್ಯೂ’ ಹಾಕಿ, ವೈದ್ಯರಿಗೆ ತೋರಿಸದೆಯೇ ಅರ್ಜಿಯನ್ನು ನಿಮಗೆ ಕಳಿಸಿದರು.

ಆಸ್ಪತ್ರೆ ತಪ್ಪೊಪ್ಪಿಕೊಂಡು ಸರಿಯಾದ ಕೋಡ್ ಕಳಿಸಿತು. ತಾನು ಹೇಳಿದ್ದು ಸುಳ್ಳೆಂದು ಅತ್ತೆಯೂ ಬರೆದು ಸಹಿ ಹಾಕಿ ಕೊಟ್ಟರು. ಅದಕ್ಕೆ ನಿಮ್ಮ ಉತ್ತರ: ಕೋಡಿನ ಬದಲಾವಣೆಯನ್ನು ವಿಮೆ ಪಡೆಯುವ ಉದ್ದೇಶದ ತಿದ್ದುಪಡಿ ಎಂದು ಪರಿಗಣಿಸಲಾಗಿದೆ. ಭಲೇ! ಎಕ್ಸ್‌ರೇಯಲ್ಲಿನ ಮೂಳೆ ಕಾಣದ ಕಣ್ಣಿಗೆ ನಮ್ಮ ಉದ್ದೇಶ ಮಾತ್ರ ಸ್ಪಷ್ಟವಾಗಿ ಕಂಡಿತು. ವೈದ್ಯರ ಸಹಿಗಿಂತ ಅಜ್ಜಿಯೊಬ್ಬಳು ಗಾಬರಿಯಲ್ಲಿ ಆಡಿದ ಮಾತು ದೊಡ್ಡದೇ? ಆಗಲಿ, ಆಕೆಯ ಮಾತೇ ನಿಮಗೆ ಪ್ರಮಾಣವೆನ್ನೋಣ. ಹಾಗಾದರೆ ಅದು ಸುಳ್ಳೆಂದು ಆಕೆಯೇ ಬರೆದುಕೊಟ್ಟದ್ದು ಏಕೆ ಪ್ರಮಾಣವಲ್ಲ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಹಾಕಿದ್ದು ಕೂಸಿನ ಬೆನ್ನಿಗೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಿಡ ಆಗಲೇ ಬಗ್ಗಿದೆ, ಮರವಾಗುವ ಮೊದಲು ನೆಟ್ಟಗಾಗಬೇಕು. ಈಗ ಕವಚ ಹಾಕಿದರೆ ಮಗುವಿನ ಬೆಳವಣಿಗೆಯೇ ಬೆನ್ನನ್ನು ನೇರ ಮಾಡುತ್ತದೆ, ತಡವಾದರೆ ಅದೇ ಬೆಳವಣಿಗೆ ಇನ್ನಷ್ಟು ಬಾಗಿಸುತ್ತದೆ, ಶ್ವಾಸಕೋಶಕ್ಕೂ ಜಾಗ ಸಾಲದಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಒಂದು ಕವಚ ಹಾಕಿದರೆ ಮುಗಿಯುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು ಹೊಸದು ಹಾಕಬೇಕು. ವಿಮೆಯಿಲ್ಲದೆ ಅದು ನಮ್ಮ ಕೈಲಾಗುವ ಮಾತಲ್ಲ.

ಕಳೆದ ತಿಂಗಳು ವಿಜಯವಾಡಕ್ಕೆ ಬಂದು ನಿಮ್ಮ ಕೋಣೆಯ ಹೊರಗೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ನೀವು ಫೋನಿನಲ್ಲಿ, ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದಿರಿ.

“ಪುಟ್ಟಿ ಈಗ ಕೂತ್ಕೊಳ್ತಾಳಾ? ಬೆನ್ನಿಗೆ ದಿಂಬು ಕೊಡಮ್ಮ, ವಾಲಿಬಿಡ್ತಾಳೆ.”

ನನಗೆ ಹೋದ ಜೀವ ಬಂದಂತಾಯಿತು. ನಮ್ಮವರು, ಮನೆಯಲ್ಲಿ ಮೊಮ್ಮಗಳಿರುವವರು, ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಒಳಗೆ ಬಂದು ಕನ್ನಡದಲ್ಲೇ ನಮಸ್ಕಾರ ಸರ್ ಎಂದೆ. ನೀವು ಇಂಗ್ಲಿಷಿನಲ್ಲಿ, ಕೋಡ್ ಅಂತಿಮ ಎಂದಿರಿ. ನಾನು ನಿಮ್ಮ ಮೇಜಿನ ಮೇಲಿಟ್ಟು ಬಂದ ಎಕ್ಸ್‌ರೇಯ ಲಕೋಟೆಯನ್ನು ಮುಟ್ಟಲೂ ಇಲ್ಲ. ಈ ಪತ್ರ ಕನ್ನಡದಲ್ಲಿರುವುದು ಅದಕ್ಕೇ. ದಿಂಬು ಕೊಡು ಎಂದ ಆ ಅಜ್ಜನಿಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಆ ಲಕೋಟೆ ತೆರೆದು ನೋಡಿ. ‘ಕ್ಯೂ’ ತೆಗೆದು ‘ಎಂ’ ಹಾಕಿ. ಈ ವಾರವೇ ಒಪ್ಪಿಗೆ ಕೊಡಿ.

ನಿಮ್ಮ ತಿರಸ್ಕಾರ ಬಂದ ದಿನದಿಂದ ನನ್ನ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿಲ್ಲ. ನನ್ನ ಬಾಯಿಂದಲೇ ಹಾಳಾಯಿತು ಎನ್ನುತ್ತಾ ಬಚ್ಚಲ ಹೊಸ್ತಿಲಲ್ಲಿ ಕೂತಿರುತ್ತಾರೆ. ಈಗ ನಾನೇ ಎರೆಯುತ್ತೇನೆ. ನೀರು ಇನ್ನೂ ಒಂದೇ ಮಗ್ಗುಲಿಗೆ ಹರಿಯುತ್ತದೆ. ಕವಚ ಹಾಕಿದ ಮೇಲೆ ಅವನ ಮೈಗೆ ತಿಂಗಳುಗಟ್ಟಲೆ ನೀರು ಸೋಕಿಸುವಂತಿಲ್ಲ. ಆ ನೀರು ಕಾಣದ ತಿಂಗಳುಗಳನ್ನೇ ಸ್ವಾಮೀ, ನಾನು ನಿಮ್ಮಲ್ಲಿ ಬೇಡುತ್ತಿರುವುದು.

ಇಂತಿ,
ಅತ್ತೆ ಹೇಳಿದ ಒಂದು ಸುಳ್ಳಿನ ಏಕೈಕ ಫಲಾನುಭವಿ,
ಶ್ರೀರಕ್ಷಾ
ಗಾಜುವಾಕ, ವಿಶಾಖಪಟ್ಟಣ