ನೇಕಾರ ಓಣಿಯ ಮಗಳು

ಗಜೇಂದ್ರಗಡ
20 ಜುಲೈ 2025

ಚಿರಂಜೀವಿ ಸುಧಾರಾಣಿಗೆ,

ನಿನ್ನ ಟೀಚರು ರಾಜೇಶ್ವರಿ ಅಕ್ಕಾರ ಆಶೀರ್ವಾದಗಳು. ಮಂಡಿನೋವೊಂದನ್ನು ಬಿಟ್ಟರೆ ನಾನು ಆರಾಮ ಇದ್ದೇನೆ. ನರಗುಂದದಲ್ಲಿ ನೀನು, ನಿನ್ನ ಯಜಮಾನರು ಅಮರೇಶ, ಮಕ್ಕಳು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ಈ ಸಲ ಹೆಸರುಕಾಳಿನ ಬೆಳೆ ಚೆನ್ನಾಗಿ ಬಂದಿದೆಯಂತೆ. ಮುಂದಿನ ತಿಂಗಳು ನಿಮ್ಮ ಅಡತಿ ಅಂಗಡಿಯವರಿಗೆ ಉಣ್ಣಲೂ ಪುರುಸೊತ್ತು ಸಿಗಲಿಕ್ಕಿಲ್ಲ.

ಪತ್ರ ತಡವಾಯಿತು, ಕ್ಷಮಿಸು. ಡಿಸೆಂಬರಿನಲ್ಲಿ ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ನಾನು ಬೈಯುತ್ತಿದ್ದೆ, ನೀನು ಅಳುತ್ತಿದ್ದೆ, ಇಬ್ಬರಿಗೂ ಹಗುರಾಗಿ ಮಾತು ಅಲ್ಲಿಗೇ ಮುಗಿದು ಹೋಗುತ್ತಿತ್ತು. ಅಷ್ಟು ಅಗ್ಗಕ್ಕೆ ಮುಗಿಯುವ ಮಾತಲ್ಲ ಇದು. ಆಮೇಲೆ ಬರೆಯಬೇಕೆಂದು ಕೂತಾಗೆಲ್ಲ ಸಿಟ್ಟು ಬಂದು ಕಾಗದ ಹರಿದು ಹಾಕಿದೆ. ನನ್ನ ಸಿಟ್ಟು ನಿನಗೇನೂ ಹೊಸದಲ್ಲ, ಏಳನೆಯ ತರಗತಿಯಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಂಡವಳು ನೀನು.

ನೀನು ಕೇಳಿದ್ದು ಖರೆ. ರೋಣದ ಸಭೆಯಲ್ಲಿ ನಿನ್ನ ಹೆಸರು ಹೇಳಿದವಳು ನಾನೇ. ಆದರೆ ಅಲ್ಲಿ ಏನಾಯಿತೆಂದು ನಿನಗೆ ಒಬ್ಬೊಬ್ಬರು ಒಂದೊಂದು ರೀತಿ ಹೇಳಿರುತ್ತಾರೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತಾಳೆ ಈ ಮುದುಕಿ ಎಂದು ಬೇಸರಪಡಬೇಡ.

ಆರು ವರ್ಷದ ಹಿಂದೆ ನಮ್ಮ ನೇಕಾರ ಓಣಿಯ ಶಾಲೆಗೆ ಆರು, ಏಳನೆಯ ತರಗತಿಯ ಗಣಿತ ಟೀಚರಾಗಿ ನೀನು ಬಂದ ದಿನ ಓಣಿಯವರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರು. ಈ ಓಣಿಯಲ್ಲೇ ಹುಟ್ಟಿ, ಈ ಶಾಲೆಯಲ್ಲೇ ಕಲಿತು, ಸರ್ಕಾರಿ ನೌಕರಿ ಹಿಡಿದ ಮೊದಲ ಹುಡುಗಿ. ಒಂದು ವರ್ಷ ಚೆನ್ನಾಗಿಯೇ ಕಲಿಸಿದೆ. ಆಮೇಲೆ ನಿನ್ನ ಅತ್ತೆಯವರಿಗೆ ಪಾರ್ಶ್ವವಾಯು ಆಯಿತು, ಮಕ್ಕಳು ಸಣ್ಣವು. ಹುದ್ದೆ ಇಲ್ಲೇ ಇಟ್ಟುಕೊಂಡು ನಿಯೋಜನೆಯ ಮೇಲೆ ನರಗುಂದದ ಮಾರುಕಟ್ಟೆ ಹತ್ತಿರದ ಶಾಲೆಗೆ ಹೋದೆ. "ಮೂರು ತಿಂಗಳ ಮಟ್ಟಿಗ್ರಿ ಅಕ್ಕಾರ, ಆಮ್ಯಾಲೆ ಬಂದ ಬರ್ತೇನಿ" ಎಂದು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನೇ ಹೋಗಿ ಬಾ ಎಂದೆ.

ನಿಯೋಜನೆಗಳೆಲ್ಲ ರದ್ದು ಎಂದು ಸರ್ಕಾರ ಆದೇಶ ಹೊರಡಿಸಿದಾಗ ನೀನು ಕಾಗದದ ಮೇಲೆ ನಮ್ಮ ಶಾಲೆಗೆ ಮರಳಿದೆ, ಕಾಲ ಮೇಲೆ ಮರಳಲಿಲ್ಲ, ನರಗುಂದದಲ್ಲೇ ಉಳಿದೆ. ಅಮರೇಶರ ಮನೆಯವರಿಗೆ ಕಚೇರಿಯಲ್ಲಿ ಯಾರು ಯಾರ ಪರಿಚಯವಿದೆಯೋ ನಾನು ಕೇಳಲಿಲ್ಲ. ಕಷ್ಟ ಬಂದದ್ದು ನಮಗೆ. ಗಣಿತದ ಟೀಚರ್ ಇದ್ದಾರೆ ಎಂದು ಕಾಗದ ಹೇಳುವಾಗ ಇನ್ನೊಬ್ಬರನ್ನು ಯಾರು ಕೊಡುತ್ತಾರೆ? ನಾನು ಮತ್ತು ಫಕ್ರುಸಾಬ ಮಾಸ್ತರು ಇಬ್ಬರೇ ಏಳೂ ತರಗತಿ ನೋಡಿಕೊಂಡೆವು. ಅವರು ನಾಲ್ಕನೆಯವರಿಗೆ ಕನ್ನಡ ಓದಲು ಹಚ್ಚಿ ಏಳನೆಯವರಿಗೆ ಲೆಕ್ಕ ಹಾಕಿಸಲು ಓಡುತ್ತಿದ್ದರು. ಅಷ್ಟರಲ್ಲಿ ನಾಲ್ಕನೆಯವರು ಅಂಗಳದಲ್ಲಿರುತ್ತಿದ್ದರು.

ನಮ್ಮ ಶಿಕ್ಷಕರ ಸಂಘಕ್ಕೆ ಸಂಬಳ, ತುಟ್ಟಿಭತ್ಯೆ ಬಿಟ್ಟು ಬೇರೆ ಮಾತೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರಲ್ಲ, ಹೋದ ವರ್ಷ ಅಧ್ಯಕ್ಷ ಪ್ರಭುಲಿಂಗಪ್ಪನವರು ನಿಜವಾಗಿಯೂ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಪಟ್ಟಣಗಳ ಸರ್ಕಾರಿ ಶಾಲೆಗಳನ್ನು ಸುತ್ತಿದೆವು. ಬಸ್ ನಿಲ್ದಾಣ, ಮಾರುಕಟ್ಟೆಯ ಹತ್ತಿರ ಟೀಚರುಗಳಿಗೆ ಕುರ್ಚಿ ಸಾಲದು. ನೇಕಾರರ, ಹಮಾಲರ ಓಣಿಗಳಲ್ಲಿ ಮಕ್ಕಳಿಗೆ ಮಾಸ್ತರು ಸಾಲದು. ಎಲ್ಲ ಓಣಿಯ ಮಕ್ಕಳಿಗೂ ಸಮಪಾಲು ಕೊಡಿ ಎಂದು ಧರಣಿ ಕೂತೆವು. ಈ ವಯಸ್ಸಿನಲ್ಲಿ ಬಿಸಿಲಲ್ಲಿ ಕೂತು ಘೋಷಣೆ ಕೂಗಿದ್ದೇನೆ, ನಗಬೇಡ. ಕೊನೆಗೆ ಮೇಲಿನ ಕಚೇರಿಯ ಸಾಹೇಬರು ರೋಣಕ್ಕೆ ಬಂದು ಅಹವಾಲು ಕೇಳುತ್ತೇನೆಂದು ಒಪ್ಪಿದರು.

ಸಭೆಗೆ ಮೊದಲು ನಾನು ಪ್ರಭುಲಿಂಗಪ್ಪನವರಿಗೆ ಒಂದೇ ಮಾತು ಹೇಳಿದೆ. ಮೊದಲು ನಮ್ಮವರನ್ನು ಅವರವರ ಶಾಲೆಗೆ ಕರೆಸೋಣ, ಆಮೇಲೆ ಸರ್ಕಾರವನ್ನು ಕೇಳೋಣ ಎಂದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಅಕ್ಕಾರ, ನಮ್ಮವರನ್ನ ನಾವ ಹಿಡದ ಕೊಡೂದು ಸಂಘದ ಕೆಲಸ ಅಲ್ರಿ. ಹೊಸಾ ಮಂದಿನ್ನ ಕೇಳೂಣು, ಇದ್ದೋರನ್ನ ಯಾಕ ಕೆದಕೂದು?" ಎಂದರು. ಅವರ ಸೊಸೆಯೂ ನಿನ್ನ ಹಾಗೆಯೇ ಬೇರೆ ಕಡೆ ಇದ್ದಾಳೆಂದು ಆಗ ನೆನಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಸಂಘ ಹೇಳದಿದ್ದರೆ ಪಾಲಕರಾದರೂ ಹೇಳಲಿ ಎಂದು ನಿನ್ನ ಚಿಗವ್ವ ಕಳಕವ್ವನ ಮನೆಗೆ ಹೋದೆ. ಅವಳ ಮಗ ಚನ್ನಬಸವ ಮಗ್ಗದಲ್ಲಿ ಕೂತಿದ್ದ. ಅವನ ಮಗಳು ಶ್ವೇತಾ, ಆಗ ಆರನೆಯ ತರಗತಿ, ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ನನ್ನ ಮಾತು ಮುಗಿಯುವ ಮೊದಲೇ ಕಳಕವ್ವ, "ಮನೀ ಮಗಳ ಮ್ಯಾಲೆ ಫಿರ್ಯಾದಿ ಹೇಳೂದೇನ್ರಿ ಅಕ್ಕಾರ? ನಾಳೆ ಆಕೀ ನೌಕರಿಗಿ ಧಕ್ಕಿ ಬಂದ್ರ ನಾ ಯಾ ಮಾರೀಲೆ ಆಕಿನ್ನ ಮಾತಾಡಸ್ಲಿ?" ಎಂದಳು.

ಶ್ವೇತಾ ಕೈ ನಿಲ್ಲಿಸಿ, "ಅಜ್ಜೀ, ಸುಧಾ ಅತ್ತಿ ಬಂದ್ರ ನಮಗ ಬೀಜಗಣಿತ ಚಾಲೂ ಆಗ್ತೈತಿ. ಮುಂದ ಹೈಸ್ಕೂಲಿನ್ಯಾಗ ಅದ ಬೇಕಂತ. ಹೇಳಬೇ" ಎಂದಳು.

"ನೀ ಸುಮ್ಮಿರ. ದೊಡ್ಡೋರ ನಡುವ ಬಾಯಿ ಹಾಕಬ್ಯಾಡ" ಎಂದು ಕಳಕವ್ವ ಗದರಿದಳು.

ಚನ್ನಬಸವ ಮಾತ್ರ ನನ್ನನ್ನು ಓಣಿಯ ತುದಿಯವರೆಗೆ ಕಳಿಸಲು ಬಂದ. "ಅವ್ವ ಹಂಗ ಅಂತಾಳ್ರಿ. ಸಭಾದಾಗ ನಾ ಹೇಳ್ತೇನಿ. ನನ್ನ ಮಗಳು ಕಲೀಬೇಕ್ರಿ" ಎಂದ. ನಾನು ನಂಬಿದೆ.

ಸಭೆಯಲ್ಲಿ ನಮ್ಮ ಶಾಲೆಯ ಪಾಳಿ ಬಂದಾಗ ಸಾಹೇಬರು ಕನ್ನಡಕ ಏರಿಸಿಕೊಂಡು, "ಸುಧಾರಾಣಿ ಅನ್ನೋ ಗಣಿತದ ಶಿಕ್ಷಕಿ ಇದ್ದಾರಲ್ಲ. ಮತ್ತೇನು ಕೊರತೆ ನಿಮಗೆ?" ಎಂದು ಕೇಳಿದರು. ಪ್ರಭುಲಿಂಗಪ್ಪನವರು ತಲೆ ಎತ್ತಿ ಫ್ಯಾನು ನೋಡತೊಡಗಿದರು. ನಾನು ಎದ್ದು ನಿಂತು, "ಇಲ್ರಿ ಸಾಹೇಬ್ರ. ಹೆಸರಿಗೆ ಅದಾಳ, ಸಾಲಿಗೆ ಬರೂದಿಲ್ಲ" ಎಂದೆ. ಸುಧಾ, ನಿನಗೆ ಅಕ್ಷರ ಕಲಿಸಿದ ಬಾಯಿ ಇದು.

ಸಾಹೇಬರು ಪಾಲಕರ ಕಡೆ ತಿರುಗಿ, "ಹೌದೇನ್ರಿ?" ಎಂದರು. ಚನ್ನಬಸವ ಎದ್ದ. ಬಾಯಿ ತೆರೆಯುವ ಮೊದಲೇ ಕಳಕವ್ವ ಅವನ ಅಂಗಿ ಹಿಡಿದು ಕೂರಿಸಿ ತಾನು ಎದ್ದು ನಿಂತಳು. "ಸುಳ್ರಿ ಸಾಹೇಬ್ರ. ನಮ್ಮ ಹುಡುಗಿ ದಿನಾ ಬರ್ತಾಳ, ಭಾಳ ಚಲೋ ಕಲಸ್ತಾಳ. ಅಕ್ಕಾರಿಗೆ ವಯಸ್ಸಾತು, ಮರವು ಬರಾಕತ್ತೈತಿ" ಎಂದಳು. ಹಿಂದೆ ಕೂತಿದ್ದ ಓಣಿಯ ಹೆಂಗಸರೆಲ್ಲ, "ಹೌದ್ರಿ, ಬರ್ತಾಳ್ರಿ" ಎಂದು ಒಂದೇ ದನಿ ತೆಗೆದರು. ಚನ್ನಬಸವ ತಲೆ ತಗ್ಗಿಸಿದ. ಸಾಹೇಬರು ನನ್ನನ್ನು ನೋಡಿ, ಪಾಪ ಎನ್ನುವಂತೆ ನಕ್ಕು ಮುಂದಿನ ಶಾಲೆಯ ಹೆಸರು ಓದಿದರು. ಮೂವತ್ತು ವರ್ಷ ಕಲಿಸಿದ ಓಣಿಯ ಮುಂದೆ ನಾನು ಅರಳುಮರಳಿನ ಮುದುಕಿಯಾದೆ. ಅಂಥ ಅವಮಾನ ನನಗೆ ಎಂದೂ ಆಗಿರಲಿಲ್ಲ.

ಹೊರಗೆ ಬಂದ ಮೇಲೆ ಕಳಕವ್ವ ನನ್ನ ಕಾಲು ಹಿಡಿದಳು. "ತಪ್ಪಾತ್ರಿ ಅಕ್ಕಾರ. ಓಣ್ಯಾಗ ಒಂದ ಹುಡುಗಿ ಮ್ಯಾಲ ಏರ್ಯಾಳ. ಆಕಿನ್ನ ನಾವ ಕೈಯಾರೆ ಕೆಡವಬೇಕೇನ್ರಿ?" ಎಂದು ಅತ್ತಳು. ಬೈಯಬೇಕೆಂದು ಬಾಯಿ ತೆರೆದವಳು ಅವಳನ್ನು ಎಬ್ಬಿಸಿ ಬಸ್ ಹತ್ತಿಸಿದೆ.

ಸಂಘ ಗೆದ್ದಿತು ಎನ್ನಬೇಕು. ಬೇರೆ ಬೇರೆ ಓಣಿಯ ಶಾಲೆಗಳಿಗೆ ಅತಿಥಿ ಶಿಕ್ಷಕರು ಬಂದರು, ಪ್ರಭುಲಿಂಗಪ್ಪನವರಿಗೆ ಹಾರ ಬಿದ್ದವು. ನಮಗೆ ಯಾರೂ ಬರಲಿಲ್ಲ, ನಮಗೆ ನೀನಿದ್ದೆಯಲ್ಲ! ಕೈಲಾದವರು ಟಿ.ಸಿ. ತೆಗೆದುಕೊಂಡು ಖಾಸಗಿ ಶಾಲೆಗೆ ಮಕ್ಕಳನ್ನು ಹಾಕಿದರು. ಮಕ್ಕಳು ಕಡಿಮೆಯಾದರೆಂದು ಈ ಜೂನಿನಲ್ಲಿ ಆರು, ಏಳನೆಯ ತರಗತಿಯನ್ನು ದೊಡ್ಡ ರಸ್ತೆಯ ಆಚೆಯ ಶಾಲೆಗೆ ಸೇರಿಸಿದರು. ಈಗ ಕಾಗದದಲ್ಲಿ ನಿನ್ನನ್ನು ನರಗುಂದಕ್ಕೇ ಹಾಕಿದ್ದಾರಂತೆ, ಒಳ್ಳೆಯದಾಯಿತು. ಗಂಡುಹುಡುಗರು ರಸ್ತೆ ದಾಟಿ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಲಾರಿಗಳ ನಡುವೆ ಅಷ್ಟು ದೂರ ಕಳಿಸಲು ಮನೆಯವರಿಗೆ ಮನಸ್ಸಿಲ್ಲ. ಬಿಸಿಯೂಟದ ಮದರಬಿ ಈಗ ಸಣ್ಣ ಪಾತ್ರೆ ಒಲೆಗೆ ಇಡುತ್ತಾಳೆ.

ನಿನ್ನ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಅತ್ತೆಯವರ ಹಾಸಿಗೆ ಬದಲಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ದಿನಾ ರೋಣದ ಮೇಲೆ ಹಾಯ್ದು ಎರಡೆರಡು ಬಸ್ ಹಿಡಿದು ಬಾ ಎನ್ನುವುದು ನನಗೆ ಸುಲಭ. ಆದರೆ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಬರಲಾರೆ ಎಂದು ನೀನು ಬಾಯಿಬಿಟ್ಟು ಹೇಳಿದ್ದರೆ, ವರ್ಗ ಮಾಡಿಸಿಕೊಂಡು ನಮ್ಮ ಜಾಗ ಬಿಟ್ಟುಕೊಟ್ಟಿದ್ದರೆ, ಇನ್ನೊಬ್ಬರು ಬರುತ್ತಿದ್ದರು. ನೀನು ಬರಲೂ ಇಲ್ಲ, ಬಿಡಲೂ ಇಲ್ಲ.

ಮುಂದಿನ ತಿಂಗಳು ನನ್ನ ನಿವೃತ್ತಿ. ಶಾಲು ಹೊದಿಸುತ್ತೇವೆ ಎಂದು ಸಂಘದವರು ಬಂದಿದ್ದರು, ಬೇಡವೆಂದೆ. ನಿನ್ನ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ, ಎರಡೂ ಕಡಿಮೆಯಾಗುತ್ತಿಲ್ಲ. ಅತ್ತೆಯವರ ಆರೋಗ್ಯ ಸುಧಾರಿಸಲಿ. ನಿನ್ನ ಮಕ್ಕಳು ಚೆನ್ನಾಗಿ ಕಲಿತು ದೊಡ್ಡವರಾಗಲಿ. ಮುತ್ತೈದೆಯಾಗಿ ನೂರು ಕಾಲ ಬಾಳು.

ಇತಿ ನಿನ್ನ
ರಾಜೇಶ್ವರಿ ಅಕ್ಕಾರು

ತಾ.ಕ.: ನಿನ್ನೆ ಕಳಕವ್ವ ಬಂದಿದ್ದಳು. ನಾಗರ ಪಂಚಮಿಗೆ ನೀನು ತವರಿಗೆ ಬರಲೇಬೇಕೆಂದು ನನ್ನ ಕೈಯಿಂದ ಬರೆಸಬೇಕಂತೆ. ನಿನಗೆ ಉಡಿಸಲು ಪಟ್ಟೇದ ಅಂಚಿನ ಸೀರೆ ಸಿದ್ಧವಾಗಿದೆ. "ಅಂಗಡ್ಯಾಗ ತಂದದ್ದು ಅಂತ ಬರೀರಿ" ಎಂದಳು. ಬರೆಯಲಾರೆ. ಅದು ಶ್ವೇತಾ ನೇಯ್ದ ಮೊದಲ ಸೀರೆ. ಜೂನಿನಿಂದ ಅವಳು ಶಾಲೆಗೆ ಹೋಗಿಲ್ಲ. ಮಗ್ಗದ ತುಳಿಹಲಗೆಗೆ ಕಾಲು ನಿಲುಕುವುದಿಲ್ಲವೆಂದು ಚನ್ನಬಸವ ಅದರ ಮೇಲೆ ಕಟ್ಟಿಗೆಯ ತುಂಡು ಕಟ್ಟಿಕೊಟ್ಟಿದ್ದಾನೆ. ಇದು ನಿನಗೆ ಗೊತ್ತಾಗಬಾರದೆಂದು ಓಣಿಯವರೆಲ್ಲ ಮಾತಾಡಿಕೊಂಡಿದ್ದಾರೆ. ನೀನು ಬರುವ ದಿನ ಅವಳಿಗೆ ಯೂನಿಫಾರ್ಮ್ ಹಾಕಿ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಯಾವ ತರಗತಿ ಎಂದು ಮಾತ್ರ ಅವಳನ್ನು ಕೇಳಬೇಡ ಸುಧಾ. ಏಳನೆಯದು ಎಂದು ಹೇಳಲು ಕಲಿಸಿದ್ದಾರೆ.