ಓದದೆ ಹಾಕಿದ ರುಜು

ಆಪ್ತಸಲಹೆಯ ಮೇಡಂ ಅವರಿಗೆ,

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವುದನ್ನು ಬರೆದೇ ಕಳಿಸಿ ಅಂತೀರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮೋಟಾರ್ ರಿಪೇರಿಗೆ ಕೂತವನಿಗೆ ಇದೊಂದು ಬಾಕಿಯಿತ್ತು.

ಹೋದ ವಾರ ನನ್ನವಳನ್ನು ಹೊರಗೆ ಕಳಿಸಿ, ನನ್ನೊಬ್ಬನನ್ನೇ ಕೂರಿಸಿಕೊಂಡು, "ಮನಸ್ಸಲ್ಲಿರೋದು ಹೇಳಿ ಯಜಮಾನ್ರೇ" ಅಂದಿರಿ. ಹೇಳಿದೆ. ನಮ್ಮನ್ನು ಕೇಳದೆ ಮದುವೆಯಾದ ಮಗಳು ಆರು ವರ್ಷದಿಂದ ಅಂಗಡಿಗೆ ಫೋನ್ ಮಾಡುತ್ತಾಳೆ. "ನಿಮ್ಮಮ್ಮ ನಿನ್ನ ಮುಖ ನೋಡಲ್ಲವಂತೆ" ಎಂದು ನಾನೇ ಸುಳ್ಳು ಹೇಳಿ ಇಟ್ಟುಬಿಡುತ್ತೇನೆ. ನನ್ನವಳು, ಮಗಳು ನಮ್ಮನ್ನು ಮರೆತಳು ಅಂದುಕೊಂಡಿದ್ದಾಳೆ.

ಈಗ ನೀವು, ಶನಿವಾರ ಬರುವ ಮೊದಲು ಹೆಂಡತಿಗೆ ಹೇಳದಿದ್ದರೆ ಇಬ್ಬರನ್ನೂ ನೋಡುವುದಿಲ್ಲ, ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುವಂತಿಲ್ಲ ಎಂಬುದಕ್ಕೆ ಮೊದಲ ದಿನವೇ ಒಪ್ಪಿ ರುಜು ಹಾಕಿದ್ದೀರಿ ಅಂತೀರಿ.

ಹಾಕಿದ್ದೇನೆ, ಓದಿಲ್ಲ. ಮೂರು ಹಾಳೆ ತುಂಬ ಇರುವೆ ಸಾಲಿನಂಥ ಅಕ್ಷರ. ಪಕ್ಕದಲ್ಲಿ ಅವಳು ಕೂತಿದ್ದಳು, ಮಾನ ಹೋಗಬಾರದೆಂದು ಸುಮ್ಮನೆ ಮಗುಚಿದೆ. ಓದಿ ಹೇಳಬೇಕಾದವರು ನೀವಲ್ಲವೇ?

ನಿಮ್ಮಲ್ಲಿಗೆ ಬಂದ ಮೇಲೆ ಅವಳು "ಊಟ ಆಯ್ತಾ?" ಅಂತಾದರೂ ಕೇಳುತ್ತಿದ್ದಳು. ಇದನ್ನು ಹೇಳಿದರೆ ಅದೂ ನಿಲ್ಲುತ್ತದೆ. ಮನೆಯಲ್ಲಿ ಎರಡು ಸಲ ಹೇಳಲು ಶುರು ಮಾಡಿ, ಸೋರುವ ನಲ್ಲಿಯ ವಿಷಯ ಮಾತಾಡಿ ಎದ್ದುಬಂದೆ.

ನಿನ್ನೆ ಮಗಳಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಆಮೇಲೆ, "ಅಮ್ಮ ಈಗ ಹೇಗಿದ್ದಾಳೆ ಅಪ್ಪ?" ಅಂದಳು.

ಶನಿವಾರ ಮಗಳನ್ನೂ ಕರೆತರುತ್ತೇನೆ. ಮನೆಯಲ್ಲಿ ನನ್ನಿಂದಾಗದು; ನಿಮ್ಮ ಕೋಣೆಯಲ್ಲಿ, ತಾಯಿ ಮಗಳು ಇಬ್ಬರ ಎದುರೂ ಹೇಳುತ್ತೇನೆ. ಇನ್ನೊಂದು ಕುರ್ಚಿ ಹಾಕಿಸುತ್ತೀರೋ ಇಲ್ಲವೋ? ಮಗಳು ರಜೆ ಕೇಳಬೇಕು. ಗುರುವಾರದೊಳಗೆ ಉತ್ತರ ಬರಲಿ.

ಇಂತಿ,
ಶನಿವಾರ ಹನ್ನೊಂದು ಗಂಟೆಗೆ ಬರುವ ಮೋಟಾರ್ ರಿಪೇರಿಯವನು